ತಲೆ ಮತ್ತು ಹಡಗು: ರೋಮನ್ ಕಂಚಿನ ನಾಣ್ಯದ ಚಿತ್ರವೂ ಜನಪದ ಸ್ಮೃತಿಯೂ

ರೋಮನ್ ಗಣರಾಜ್ಯದ ನಾಣ್ಯ ವ್ಯವಸ್ಥೆಗೆ ‘ಆಸ್’ ಎಂಬ ಕಂಚಿನ ನಾಣ್ಯ ಮೂಲಮಾನವಾಗಿತ್ತು. ಕ್ರಿ.ಪೂ. 225ರ ಸುಮಾರಿಗೆ ಎರಕ ಹೊಯ್ದು ಸಿದ್ಧಪಡಿಸಿದ ಭಾರವಾದ ಆಸ್‌ಗಳ ಮುಂಬದಿಯಲ್ಲಿ ಇಮ್ಮೊಗದ ದೇವತೆ ಜೇನಸ್‌ನ ತಲೆಯೂ ಹಿಂಬದಿಯಲ್ಲಿ ಹಡಗಿನ ಮುಂಭಾಗವೂ ಕಾಣುತ್ತವೆ. ಅದೇ ಶ್ರೇಣಿಯ ಕಿರುನಾಣ್ಯಗಳಲ್ಲಿ ದೇವತೆ ಬದಲಾಗುತ್ತದೆ: ಅರ್ಧಕ್ಕೆ ಸ್ಯಾಟರ್ನ್, ಮೂರನೆಯ ಒಂದಕ್ಕೆ ಮಿನರ್ವಾ, ಕಾಲಿಗೆ ಹರ್ಕ್ಯುಲಿಸ್, ಆರನೆಯ ಒಂದಕ್ಕೆ ಮರ್ಕ್ಯುರಿ, ಹನ್ನೆರಡನೆಯ ಒಂದಕ್ಕೆ ರೋಮಾ. ಹಡಗು ಮಾತ್ರ ಎಲ್ಲದರಲ್ಲೂ ಒಂದೇ. ಅರ್ಧಕ್ಕಿಂತ ಚಿಕ್ಕ ಕಿರುನಾಣ್ಯಗಳ ಮೌಲ್ಯವನ್ನು ಚುಕ್ಕೆಗಳು ತಿಳಿಸುತ್ತಿದ್ದವು. ಕಾಲು ಆಸ್‌ಗೆ ಮೂರು ಚುಕ್ಕೆ. ಓದುಬರಹ ಬಾರದವರೂ ಇವನ್ನು ಗುರುತಿಸಬಹುದಾಗಿತ್ತು.

ಹಡಗೇ ಏಕೆ? ಕ್ರಿ.ಪೂ. 264ರಿಂದ 241ರವರೆಗೆ ಕಾರ್ತೇಜಿನೊಡನೆ ನಡೆದ ಮೊದಲ ಪ್ಯೂನಿಕ್ ಯುದ್ಧದಲ್ಲಿ ರೋಮ್ ಗಳಿಸಿದ ನೌಕಾಬಲಕ್ಕೆ ವಿದ್ವಾಂಸರು ಇದನ್ನು ಸಂಬಂಧಿಸುತ್ತಾರೆ. ರೋಮನ್ನರು ಹೇಳಿಕೊಂಡ ಕಥೆ ಬೇರೆ. ಸ್ವರ್ಗದಿಂದ ಹೊರದೂಡಲ್ಪಟ್ಟ ಸ್ಯಾಟರ್ನ್ ಹಡಗಿನಲ್ಲಿ ಬಂದಾಗ ಜೇನಸ್ ಆಶ್ರಯವಿತ್ತನೆಂದೂ, ಅದರ ನೆನಪಿಗೆ ಕಂಚಿನ ಮೇಲೆ ಹಡಗು ಮೂಡಿತೆಂದೂ ಓವಿಡ್ ಕವಿ ತನ್ನ ‘ಫಾಸ್ಟಿ’ಯಲ್ಲಿ ಜೇನಸ್‌ನ ಬಾಯಿಂದಲೇ ಹೇಳಿಸುತ್ತಾನೆ. ಪ್ಲೂಟಾರ್ಕ್ ಈ ಕಥೆಯನ್ನು ಪ್ರಸ್ತಾಪಿಸಿ ಸಂದೇಹಪಡುತ್ತಾನೆ. ಹಡಗಿನಲ್ಲಿ ಬಂದವರು ಇತರರೂ ಇದ್ದಾರಲ್ಲ ಎಂಬುದು ಆತನ ಆಕ್ಷೇಪ. ನದಿಯ ಮೂಲಕ ಬರುವ ಸಮೃದ್ಧಿಯನ್ನು ಹಡಗು ಸೂಚಿಸಿರಬಹುದೆಂಬುದು ಆತನ ಊಹೆ.

ಕಾಲಕ್ರಮದಲ್ಲಿ ಆಸ್‌ನ ತೂಕ ಇಳಿಯುತ್ತ ಬಂದಿತು. ಆಗಸ್ಟಸ್‌ನ ಕಾಲದ ಸುಧಾರಣೆಯ ನಂತರ ಅದು ತಾಮ್ರದ ನಾಣ್ಯವಾಯಿತು. ಜೇನಸ್‌ನ ಸ್ಥಾನದಲ್ಲಿ ಚಕ್ರವರ್ತಿಯ ಮುಖ ಬಂದಿತು. ಆದರೆ ಕ್ರಿ.ಶ. 5ನೆಯ ಶತಮಾನದ ಆರಂಭದ ಲೇಖಕ ಮ್ಯಾಕ್ರೋಬಿಯಸ್ ತನ್ನ ‘ಸ್ಯಾಟರ್ನೇಲಿಯಾ’ದಲ್ಲಿ ಒಂದು ಆಟವನ್ನು ದಾಖಲಿಸಿದ್ದಾನೆ. ಹುಡುಗರು ನಾಣ್ಯವನ್ನು ಮೇಲಕ್ಕೆ ಚಿಮ್ಮಿ ‘ತಲೆಯೋ ಹಡಗೋ’ ಎಂದು ಕೂಗುತ್ತಿದ್ದರು. ಅಂದಿನ ನಾಣ್ಯಗಳಲ್ಲಿ ಜೇನಸ್ ಮತ್ತು ಹಡಗಿನ ಜೋಡಿ ಇರಲಿಲ್ಲ. ಟಂಕಸಾಲೆ ಕೈಬಿಟ್ಟ ಚಿತ್ರವನ್ನು ಮಕ್ಕಳ ನಾಲಗೆ ನಾಲ್ಕು ಶತಮಾನಗಳಿಗೂ ಮಿಗಿಲಾಗಿ ಕಾಪಾಡಿಕೊಂಡು ಬಂದಿತ್ತು.

ಮ್ಯಾಕ್ರೋಬಿಯಸ್ ಈ ಕೂಗನ್ನು ಸ್ಯಾಟರ್ನ್‌ನ ಕಥೆಯ ಸಂದರ್ಭದಲ್ಲಿ ಸಾಕ್ಷಿಯಾಗಿ ಬಳಸುತ್ತಾನೆ. ಇಲ್ಲಿ ಎಚ್ಚರ ಅಗತ್ಯ. ಹಳೆಯ ನಾಣ್ಯದಲ್ಲಿ ತಲೆಯೂ ಹಡಗೂ ಇದ್ದವೆಂಬುದಕ್ಕೆ ಆಟವು ಸಾಕ್ಷಿ. ಆ ಹಡಗು ಸ್ಯಾಟರ್ನ್‌ನದೆಂಬುದಕ್ಕೆ ಅಲ್ಲ. ಐತಿಹ್ಯವು ಚಿತ್ರಕ್ಕೆ ಅರ್ಥವನ್ನು ಕಲ್ಪಿಸುತ್ತದೆ; ಅದರಿಂದ ತಿಳಿಯುವುದು ಹೇಳಿದವರ ನಂಬಿಕೆ. ಆಟದ ನುಡಿ ಅರ್ಥವನ್ನು ವಿವರಿಸುವುದಿಲ್ಲ, ರೂಪವನ್ನಷ್ಟೇ ಉಳಿಸುತ್ತದೆ. ಮೌಖಿಕ ಆಕರಗಳಿಂದ ಇತಿಹಾಸವನ್ನು ಕಟ್ಟುವವರು ಈ ಎರಡು ಬಗೆಯ ಸಾಕ್ಷ್ಯಗಳನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ. ಹಾಗೆ ನೋಡಿದಾಗ, ಅರ್ಥವಿಲ್ಲದ ಕೂಗೆಂದು ಕಡೆಗಣಿಸಬಹುದಾದ ಮಕ್ಕಳ ಮಾತೇ ಹೆಚ್ಚು ನಿಷ್ಠವಾದ ದಾಖಲೆಯೆಂಬುದು ಸ್ಪಷ್ಟವಾಗುತ್ತದೆ.