ಕೊಬ್ಬರಿ ಮಾರಿದ ಮೇಲೆ ನೋಡೋಣ

ಪ್ರಶ್ನೆ: ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಮದುವೆ, ಮನೆ ರಿಪೇರಿ ಯಾವ ಮಾತು ಬಂದರೂ ‘ಕೊಬ್ಬರಿ ಮಾರಿದ ಮೇಲೆ ನೋಡೋಣ’ ಅನ್ನುತ್ತಾರೆ. ಕಾರಣವೇನು?

ಉತ್ತರ: ತೆಂಗು ಬೆಳೆಗಾರರಿಗೆ ಸಂಬಳದ ತಾರೀಖು ಇಲ್ಲ. ಕಿತ್ತ ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಒಳಗಿನ ನೀರು ಇಂಗಿ, ಗಿಟುಕು ಚಿಪ್ಪಿನಿಂದ ಬಿಟ್ಟುಕೊಳ್ಳಲು ಎಂಟು-ಹತ್ತು ತಿಂಗಳು ಬೇಕು. ಅಲ್ಲಾಡಿಸಿದಾಗ ಒಳಗೆ ಲೊಟಲೊಟ ಸದ್ದು ಬಂದರೆ ಹದ ಬಂದಿದೆ ಎಂದರ್ಥ. ಆಮೇಲೆ ಸುಲಿಸಿ, ಚಿಪ್ಪು ಒಡೆಸಿ, ತಿಪಟೂರಿನ ಎಪಿಎಂಸಿಗೆ ಸಾಗಿಸಬೇಕು. ಆ ಅಟ್ಟವೇ ಮನೆಯ ಉಳಿತಾಯ ಖಾತೆ. ದಿನಸಿ, ಔಷಧಿಯಂಥ ದಿನದ ಖರ್ಚನ್ನು ಡೇರಿಗೆ ಹಾಕುವ ಹಾಲಿನ ದುಡ್ಡು ತೂಗಿಸುತ್ತದೆ. ಮದುವೆ, ಕಾಲೇಜು ಫೀಸು, ಬೋರ್‌ವೆಲ್, ಸಾಲದ ಕಂತು ಕೊಬ್ಬರಿಗೆ ಕಾಯುತ್ತವೆ.

ಕಾದರೂ ಬೆಲೆ ಕೈಯಲ್ಲಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ. ಪೇಟೆಯ ದರ ಅದಕ್ಕಿಂತ ಬಹಳ ಕೆಳಗೆ ಬಿದ್ದು, ರೈತರು ಬೆಂಬಲ ಬೆಲೆಗೆ ಕೊಳ್ಳುವ ನಾಫೆಡ್ ಸಂಸ್ಥೆಯ ಖರೀದಿಯ ದಾರಿ ಕಾದರು. 2025ರಲ್ಲಿ ಬೆಂಬಲ ಬೆಲೆ 12,100. ಪೇಟೆಯ ದರವೇ 20,000 ದಾಟಿತು.

ಆದಾಯ ಇಳಿದಂತೆಲ್ಲ ಖರ್ಚಿನಲ್ಲಿ ಊಟದ ಪಾಲು ಏರುತ್ತದೆ ಎಂದು ಬೆಲ್ಜಿಯಂ ಕುಟುಂಬಗಳ ಲೆಕ್ಕ ನೋಡಿ ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲೇ ಹೇಳಿದ್ದ. ದರ ಬಿದ್ದ ವರ್ಷ ತೆಂಗಿನ ಸೀಮೆಯಲ್ಲೂ ಹಾಗೆಯೇ: ಅನ್ನಕ್ಕೆ ತೊಂದರೆಯಾಗದಿದ್ದರೂ ಮಗಳ ಓದು, ಗೋಡೆಯ ಗಾರೆ ಮುಂದಕ್ಕೆ ಹೋಗುತ್ತವೆ. ಆದ್ದರಿಂದಲೇ ಖರೀದಿ ಕೇಂದ್ರ ಸಕಾಲಕ್ಕೆ ತೆರೆಯುವುದು ಇಲ್ಲಿ ಪ್ರತಿ ಮನೆಯ ಪ್ರಶ್ನೆ.