ಹಳೆಯ ಗೊಂಬೆ, ಹರಿದ ಕೌದಿ: ಬಿಸಾಡುವ ಮೊದಲು ಮಗುವನ್ನು ಕೇಳಿ

ಸೊಲ್ಲಾಪುರ: ದೀಪಾವಳಿ ಹತ್ತಿರ ಬಂತೆಂದರೆ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ತಾಲೂಕಿನ ಮನೆಗಳಲ್ಲಿ ಸ್ವಚ್ಛತೆಯ ಗಡಿಬಿಡಿ. ಅಟ್ಟದ ಮೇಲಿನ ಗಂಟುಗಳು ಕೆಳಗಿಳಿಯುತ್ತವೆ. ಹಳೆಯ ಸೀರೆ, ಧೋತರ ಕೊಟ್ಟು ಸ್ಟೀಲ್ ಪಾತ್ರೆ ಪಡೆಯಲು ಹೆಂಗಸರು ಬೋಹಾರಣಿಯ ದಾರಿ ಕಾಯುತ್ತಾರೆ. ಎಷ್ಟೋ ಸಲ ಆ ಗಂಟಿನಲ್ಲಿ ಮಗುವಿನ ಬಟ್ಟೆಯ ಗೊಂಬೆಯೋ, ಕಿವಿ ಕಿತ್ತುಹೋದ ಟೆಡ್ಡಿ ಕರಡಿಯೋ ಸೇರಿ ಹೋಗಿರುತ್ತದೆ. ಸಂಜೆ ಶಾಲೆಯಿಂದ ಬಂದ ಮಗು ಹುಡುಕುತ್ತದೆ, ಅಳುತ್ತದೆ, ರಾತ್ರಿ ಮಲಗಲು ಒಪ್ಪುವುದಿಲ್ಲ. "ಅಳಬ್ಯಾಡ, ನಾಳೆ ಹೊಸಾದು ಕೊಡಸ್ತೀನಿ" ಎಂದು ಅಪ್ಪ ಸಮಾಧಾನ ಹೇಳುತ್ತಾನೆ. ಹೊಸದು ಬಂದರೂ ಅಳು ನಿಲ್ಲುವುದಿಲ್ಲ.

ಮನೆಯವರು ಇದನ್ನು ಹಟ ಎನ್ನುತ್ತಾರೆ. ಆದರೆ ಮಕ್ಕಳ ಮನಸ್ಸನ್ನು ಅಭ್ಯಾಸ ಮಾಡಿದವರು ಬೇರೆಯೇ ಮಾತು ಹೇಳುತ್ತಾರೆ.

ತಾಯಿ ಇಲ್ಲದ ಹೊತ್ತಿನ ಆಸರೆ

ಬ್ರಿಟನ್ನಿನ ಮಕ್ಕಳ ವೈದ್ಯ ಹಾಗೂ ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್ (1896-1971) ಈ ವಿಷಯವನ್ನು ಮೊದಲು ಗಂಭೀರವಾಗಿ ಎತ್ತಿಕೊಂಡವರಲ್ಲಿ ಒಬ್ಬರು. 1953ರಲ್ಲಿ ಪ್ರಕಟವಾದ ಅವರ ಲೇಖನದ ಸಾರಾಂಶ ಹೀಗಿದೆ: ಕೂಸು ಮೊದಲು ತಾನು ಬೇರೆ, ತಾಯಿ ಬೇರೆ ಎಂದು ತಿಳಿಯುವುದಿಲ್ಲ. ಬರಬರುತ್ತ ತಾಯಿ ಎದ್ದು ಹೋಗುತ್ತಾಳೆ, ಮತ್ತೆ ಬರುತ್ತಾಳೆ ಎಂಬುದು ಗೊತ್ತಾಗುತ್ತದೆ. ಈ ನಡುವಿನ ಹೊತ್ತನ್ನು ದಾಟಲು ಮಗು ಒಂದು ಮೆತ್ತನೆಯ ವಸ್ತುವನ್ನು ತಾನೇ ಆರಿಸಿಕೊಳ್ಳುತ್ತದೆ. ಅದು ಗೊಂಬೆ ಇರಬಹುದು, ಹೊದಿಕೆಯ ಅಂಚು ಇರಬಹುದು. ಅದು ಹತ್ತಿರವಿದ್ದರೆ ಮಗುವಿಗೆ ಧೈರ್ಯ. ಇದು ದುರ್ಬಲತೆಯಲ್ಲ, ಬೆಳವಣಿಗೆಯ ಒಂದು ಮೆಟ್ಟಿಲು ಎಂದು ವಿನಿಕಾಟ್ ವಿವರಿಸಿದರು.

ಬಟ್ಟೆಯೇ ಏಕೆ? ಅಮೆರಿಕದ ಹ್ಯಾರಿ ಹಾರ್ಲೋ 1958ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. ತಾಯಿಯಿಂದ ಬೇರ್ಪಡಿಸಿದ ಮಂಗನ ಮರಿಗಳ ಮುಂದೆ ಎರಡು ಬೊಂಬೆ ತಾಯಂದಿರನ್ನು ಇಡಲಾಗಿತ್ತು. ಒಂದು ತಂತಿಯದು, ಇನ್ನೊಂದು ಮೆತ್ತನೆಯ ಬಟ್ಟೆ ಸುತ್ತಿದ್ದು. ಹಾಲಿನ ಬಾಟಲಿ ತಂತಿ ತಾಯಿಯ ಹತ್ತಿರ ಇದ್ದಾಗಲೂ ಮರಿಗಳು ಹಾಲು ಕುಡಿಯಲಷ್ಟೇ ಅಲ್ಲಿಗೆ ಹೋಗಿ, ಉಳಿದ ಹೊತ್ತೆಲ್ಲ ಬಟ್ಟೆಯ ತಾಯಿಯನ್ನೇ ಅಪ್ಪಿಕೊಂಡಿದ್ದವು. ಪ್ರಯೋಗ ಕ್ರೂರವಾಗಿತ್ತು ಎಂಬ ಟೀಕೆ ಇದೆ. ಆದರೂ ಮರಿಗೆ ಹಾಲಿನಷ್ಟೇ ಮೆತ್ತನೆಯ ಸ್ಪರ್ಶವೂ ಬೇಕು ಎಂಬುದು ಅದರಿಂದ ಸ್ಪಷ್ಟವಾಯಿತು.

ಹೊಸದು ಏಕೆ ಬೇಡ?

2008ರಲ್ಲಿ ಬ್ರೂಸ್ ಹುಡ್ ಮತ್ತು ಪಾಲ್ ಬ್ಲೂಮ್ ಎಂಬ ಮನೋವಿಜ್ಞಾನಿಗಳು ಸಣ್ಣ ಮಕ್ಕಳಿಗೆ ಒಂದು ಪೆಟ್ಟಿಗೆ ತೋರಿಸಿ, ಇದು ಯಾವುದೇ ವಸ್ತುವಿನ ಪಡಿಯಚ್ಚು ಮಾಡುವ ಯಂತ್ರ ಎಂದು ನಂಬಿಸಿದರು. ಸಾಮಾನ್ಯ ಆಟಿಕೆಯಾದರೆ ಮಕ್ಕಳು ಹೊಸ ನಕಲನ್ನು ಸಂತೋಷದಿಂದ ತೆಗೆದುಕೊಂಡರು. ಆದರೆ ರಾತ್ರಿ ಜೊತೆಗಿಟ್ಟು ಮಲಗುವ ಗೊಂಬೆಯ ಮಾತು ಬಂದಾಗ ಹೆಚ್ಚಿನವರು ಹಳೆಯದನ್ನೇ ಬೇಡಿದರು. ಕೆಲವರಂತೂ ಅದನ್ನು ಪೆಟ್ಟಿಗೆಯೊಳಗೆ ಇಡಲೂ ಒಪ್ಪಲಿಲ್ಲ.

ಮಗುವಿಗೆ ಬೇಕಾಗಿರುವುದು ಅದೇ ಗೊಂಬೆ, ಅದರಂಥ ಇನ್ನೊಂದಲ್ಲ. ಅದರ ವಾಸನೆ, ಸವೆದ ಮೂಲೆ, ಅವ್ವ ಹಾಕಿದ ತೇಪೆ ಅಂಗಡಿಯಲ್ಲಿ ಸಿಗುವುದಿಲ್ಲ.

ನಮ್ಮ ಕಡೆ ಗೊಂಬೆಗಿಂತ ಕೌದಿ

ಟೆಡ್ಡಿ ಕರಡಿ ಹುಟ್ಟಿದ್ದು ದೂರದಲ್ಲಿ. 1902ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕಟ್ಟಿಹಾಕಿದ ಕರಡಿಯನ್ನು ಗುಂಡಿಕ್ಕಲು ನಿರಾಕರಿಸಿದ ಸುದ್ದಿ ವ್ಯಂಗ್ಯಚಿತ್ರವಾಗಿ ಬಂತು. ಅದನ್ನು ನೋಡಿ ನ್ಯೂಯಾರ್ಕಿನ ಅಂಗಡಿಕಾರನೊಬ್ಬ ಬಟ್ಟೆಯ ಕರಡಿ ಮಾಡಿ ಅಧ್ಯಕ್ಷರ ಅಡ್ಡಹೆಸರು ‘ಟೆಡ್ಡಿ’ಯನ್ನೇ ಇಟ್ಟ. ಇಂದು ಸೊಲ್ಲಾಪುರದ ಗಡ್ಡಾ ಯಾತ್ರೆಗೆ ಹೋದ ಮಗು ಕೈ ತೋರಿಸಿ ಕೇಳುವುದು ಅದನ್ನೇ.

ಅದಕ್ಕೂ ಮೊದಲಿನಿಂದ ಈ ಭಾಗದ ಮಕ್ಕಳಿಗೆ ಇದ್ದದ್ದು ಚಿಂದಿಯ ಗೊಂಬೆ, ಮರಾಠಿಯ ಬಾಹುಲಿ. ಅದಕ್ಕಿಂತ ಹತ್ತಿರದ್ದು ಕೌದಿ, ಅಂದರೆ ಮರಾಠಿಯ ಗೋಧಡಿ. ಕೂಸನ್ನು ಮೊದಲು ಸುತ್ತುವುದೇ ತೊಳೆದು ತೊಳೆದು ಮೆತ್ತಗಾದ ಹಳೆಯ ಬಟ್ಟೆಯಲ್ಲಿ. ತೊಲೆಗೆ ಕಟ್ಟುವ ಜೋಳಿಗೆಯೂ ಅವ್ವನ ಹಳೆಯ ಸೀರೆಯೇ. ಮುಂದೆ ಅದೇ ಸೀರೆ, ಅಜ್ಜನ ಧೋತರ ಪದರು ಪದರಾಗಿ ಸೇರಿ, ಮೇಲೆ ಬಣ್ಣದ ತೇಪೆ ಹಚ್ಚಿ ಹೊಲಿದರೆ ಕೌದಿ. ಚಾದರ, ಟವೆಲ್‌ಗಳಿಗೆ ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಊರು ಸೊಲ್ಲಾಪುರ. ಆದರೂ ಹೊಸ ಚಾದರ ಬದಿಗಿಟ್ಟು ಹರಿದ ಕೌದಿಯ ಮೂಲೆ ಹಿಡಿದೇ ಮಲಗುವ ಮಕ್ಕಳು ಇಲ್ಲಿಯ ಮನೆಗಳಲ್ಲಿ ಹೊಸದೇನಲ್ಲ.

ಹಳ್ಳಿಗಳಲ್ಲಿ ಮಗು ಅವ್ವನ ಅಥವಾ ಅಜ್ಜಿಯ ಮಗ್ಗುಲಲ್ಲೇ ಮಲಗುವುದರಿಂದ ಗೊಂಬೆಯ ಗೀಳು ಕಡಿಮೆ ಎನ್ನುವವರಿದ್ದಾರೆ. ಇದರಲ್ಲಿ ಸತ್ಯಾಂಶವಿದೆ. 1970ರಲ್ಲಿ ಪ್ರಕಟವಾದ ಇಟಲಿಯ ಒಂದು ಅಧ್ಯಯನದಲ್ಲಿ ರೋಮ್ ನಗರದ ಮಕ್ಕಳಿಗಿಂತ ಹಳ್ಳಿಯ ಮಕ್ಕಳಲ್ಲಿ ಇಂಥ ನಂಟು ಬಹಳ ಕಡಿಮೆ ಕಂಡುಬಂದಿತ್ತು.

ಆದರೆ ಈಗ ಎಲ್ಲ ಮಕ್ಕಳಿಗೂ ಆ ಮಗ್ಗುಲು ಸಿಗುತ್ತಿಲ್ಲ. ಅಪ್ಪ ಅವ್ವ ಕಬ್ಬು ಕಡಿಯಲು ಗುಳೆ ಹೋದಾಗ ಮಗು ಅಜ್ಜಿಯ ಹತ್ತಿರ ಉಳಿಯುತ್ತದೆ. ದುಡಿಯಲು ಪುಣೆ, ಮುಂಬೈ ಸೇರಿದವರ ಮಕ್ಕಳದೂ ಇದೇ ಕತೆ. ಓದಿಗೆಂದು ಸಣ್ಣ ವಯಸ್ಸಿನಲ್ಲೇ ವಸತಿ ಶಾಲೆಗೆ ಹೋಗುವವರೂ ಇದ್ದಾರೆ. ಇಂಥ ಮಗು ಚೀಲದಲ್ಲಿ ಹಳೆಯ ಗೊಂಬೆ ಅಥವಾ ಅವ್ವನ ಸೀರೆಯ ತುಂಡು ಇಟ್ಟುಕೊಂಡರೆ ನಗಬಾರದು, ಕಸಿದುಕೊಳ್ಳಲೂಬಾರದು. ಅವ್ವ ಮತ್ತೆ ಬರುತ್ತಾಳೆ ಎಂಬ ಭರವಸೆ ಅದರಲ್ಲಿದೆ.

ಪಾಲಕರು ಏನು ಮಾಡಬೇಕು?

* ಮಗುವಿಗೆ ತಿಳಿಸದೆ ಬಿಸಾಡಬೇಡಿ, ಬೇರೆ ಮಗುವಿಗೆ ಕೊಡಬೇಡಿ. ಶಿಕ್ಷೆಯೆಂದು ಮುಚ್ಚಿಡಬೇಡಿ.
* ನಮ್ಮ ಕನ್ನಡದಲ್ಲಿ ‘ಒಗಿ’ ಎಂದರೆ ತೊಳೆ ಎಂದೂ ಹೌದು, ಬಿಸಾಡು ಎಂದೂ ಹೌದು. ಗೊಂಬೆಯನ್ನು ತೊಳೆಯುವುದಷ್ಟೇ ಸಾಕು. ಅದನ್ನೂ ಮಗುವಿಗೆ ಹೇಳಿ, ಎದುರಿಗೇ ತೊಳೆದು, ಸಂಜೆಯೊಳಗೆ ಒಣಗಿಸಿ ಕೊಡಿ. ವಾಸನೆ ಬದಲಾದರೆ ಕೆಲವು ಮಕ್ಕಳು ಬೇಸರ ಮಾಡಿಕೊಳ್ಳುತ್ತವೆ.
* ಹರಿದರೆ ಹೊಲಿದು ಕೊಡಿ. ಪೂರ್ತಿ ಜೀರ್ಣವಾದರೆ ಒಂದು ತುಂಡನ್ನಾದರೂ ಹೊಸ ಕೌದಿಯಲ್ಲಿ ಸೇರಿಸಿ ಹೊಲಿಯಬಹುದು.
* ಒಂದು ವರ್ಷದೊಳಗಿನ ಕೂಸು ಮಲಗಿದಾಗ ಮುಖದ ಹತ್ತಿರ ಮೆತ್ತನೆಯ ಗೊಂಬೆ, ದಿಂಬು, ಸಡಿಲ ಹೊದಿಕೆ ಇಡಬೇಡಿ. ಉಸಿರು ಕಟ್ಟುವ ಅಪಾಯವಿದೆ.
* ಗುಂಡಿಯ ಕಣ್ಣು, ಮಣಿ ಕಿತ್ತುಬರುವಂತಿದ್ದರೆ ತೆಗೆದುಹಾಕಿ, ದಾರದಿಂದ ಕಣ್ಣು ಹೊಲಿಯಿರಿ. ಹೊಸದನ್ನು ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. 2021ರ ಜನವರಿ 1ರಿಂದ ಆಟಿಕೆಗಳಿಗೆ ಅದು ಕಡ್ಡಾಯವಾಗಿದೆ.
* ಮಗು ಊಟ, ಆಟ, ಮಾತು ಎಲ್ಲವನ್ನೂ ಬಿಟ್ಟು ಸದಾ ಗೊಂಬೆ ಹಿಡಿದು ಮೂಲೆ ಸೇರುತ್ತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಮಗುವಿಗೆ ಬೇರೇನೋ ಚಿಂತೆ ಇರಬಹುದು.

ಈ ನಂಟು ಎಂದು ಬಿಡುತ್ತದೆ ಎಂಬ ಚಿಂತೆ ಬೇಡ. ಬಲವಂತ ಮಾಡದಿದ್ದರೆ ಮಗು ತಾನಾಗಿಯೇ ಅದನ್ನು ಬದಿಗಿಡುತ್ತದೆ ಎಂದು ವಿನಿಕಾಟ್ ಹೇಳಿದ್ದರು. ದೊಡ್ಡವರಾದ ಮೇಲೂ ಪೆಟ್ಟಿಗೆಯಲ್ಲಿ ಜೋಪಾನ ಮಾಡಿಕೊಂಡವರು ಇದ್ದಾರೆ. ಅದು ರೋಗವಲ್ಲ. ‘ವಿನ್ನಿ ದ ಪೂ’ ಕತೆಗಳಿಗೆ ಪ್ರೇರಣೆಯಾದ, ಕ್ರಿಸ್ಟೋಫರ್ ರಾಬಿನ್ ಎಂಬ ಹುಡುಗನಿಗೆ 1921ರಲ್ಲಿ ಕೊಡಿಸಿದ್ದ ಕರಡಿ ಗೊಂಬೆ ಇಂದಿಗೂ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿದೆ. ಅದು ಸವೆದಾಗ ಗ್ರಂಥಾಲಯದವರು ಹೊಸದನ್ನು ತರಲಿಲ್ಲ. ತಜ್ಞರಿಂದ ದುರಸ್ತಿ ಮಾಡಿಸಿ 2016ರಲ್ಲಿ ಮತ್ತೆ ಪ್ರದರ್ಶನಕ್ಕಿಟ್ಟರು.

ಈ ಸಲ ಬೋಹಾರಣಿ ಬಾಗಿಲಿಗೆ ಬಂದಾಗ ಗಂಟು ಕೊಡುವ ಮೊದಲು ಒಮ್ಮೆ ಬಿಚ್ಚಿ ನೋಡಿ. ಗೊಂಬೆ ಕಂಡರೆ ತೆಗೆದಿಟ್ಟು, ಮಗು ಶಾಲೆಯಿಂದ ಬಂದ ಮೇಲೆ ಕೇಳಿ.