ಮನೆಯಲ್ಲಿ ಸಾಕಿದ ಹಾವು ತಪ್ಪಿಸಿಕೊಂಡಾಗ ಅನುಸರಿಸಬೇಕಾದ ಕ್ರಮಗಳು

(ಸಾರ್ವಜನಿಕರ ಮಾಹಿತಿಗಾಗಿ)

ವಿದೇಶಿ ಮೂಲದ ಹಾವುಗಳನ್ನು ಮನೆಯಲ್ಲಿ ಸಾಕುವ ಹವ್ಯಾಸವು ಇತ್ತೀಚಿನ ವರ್ಷಗಳಲ್ಲಿ ನಗರ ಪ್ರದೇಶಗಳಲ್ಲಿ ಕಂಡುಬರುತ್ತಿದೆ. ಇಂತಹ ಹಾವು ಪೆಟ್ಟಿಗೆಯಿಂದ ಕಾಣೆಯಾದಾಗ ಮನೆಯವರು ಗಾಬರಿಗೊಳ್ಳುವುದು ಸಹಜ. ಆದರೆ ಗಾಬರಿಗಿಂತಲೂ ಹೆಚ್ಚು ಅಪಾಯಕಾರಿಯಾದುದು, ಮನೆಯಲ್ಲಿ ಕಂಡ ಯಾವುದೇ ಹಾವನ್ನು ತಮ್ಮದೇ ಹಾವೆಂದು ಭಾವಿಸಿ ಕೈಹಾಕುವುದು. ನಮ್ಮ ರಾಜ್ಯದಲ್ಲಿ ವಿಷಪೂರಿತ ಹಾವುಗಳೂ ಮನೆಗಳನ್ನು ಪ್ರವೇಶಿಸುತ್ತವೆ. ಆದುದರಿಂದ ಹಾವನ್ನು ಹುಡುಕುವ ವಿಧಾನ, ಗುರುತಿಸುವ ಬಗೆ ಹಾಗೂ ಸಂಬಂಧಪಟ್ಟ ಕಾನೂನಿನ ಬಗ್ಗೆ ನಾಗರಿಕರ ತಿಳಿವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಯಾವ ಹಾವುಗಳನ್ನು ಸಾಕಬಹುದು?

ನಾಗರಹಾವು, ಕೇರೆಹಾವು, ಹೆಬ್ಬಾವು, ಮಣ್ಣುಮುಕ್ಕ ಹಾವು ಮುಂತಾದ ದೇಶೀಯ ಹಾವುಗಳು ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ರಕ್ಷಣೆಗೆ ಒಳಪಟ್ಟಿವೆ. ಇವುಗಳನ್ನು ಹಿಡಿಯುವುದು, ಸಾಕುವುದು, ಮಾರುವುದು ಅಥವಾ ಕೊಲ್ಲುವುದು ಅಪರಾಧ. ವಿಷವಿಲ್ಲದ ಹಾವು ಎಂಬ ಕಾರಣಕ್ಕೆ ವಿನಾಯಿತಿ ದೊರೆಯುವುದಿಲ್ಲ.

ಆಫ್ರಿಕಾದ ಬಾಲ್ ಪೈಥಾನ್, ದಕ್ಷಿಣ ಅಮೆರಿಕದ ಬೋವಾ ಮುಂತಾದ ವಿದೇಶಿ ಜಾತಿಗಳು ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಪಟ್ಟಿಯಲ್ಲಿವೆ. 2022ರ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಂತರ ಇಂತಹ ಜಾತಿಗಳು ಅಧಿನಿಯಮದ ನಾಲ್ಕನೆಯ ಅನುಸೂಚಿಯಲ್ಲಿ ಸೇರಿವೆ. ಇವುಗಳನ್ನು ಹೊಂದಿರುವವರು ಕಲಂ 49-ಎಂ ಹಾಗೂ 2024ರಲ್ಲಿ ಹೊರಡಿಸಲಾದ ನಿಯಮಗಳ ಅನ್ವಯ ‘ಪರಿವೇಶ್’ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಿ ನೋಂದಣಿ ಮಾಡಿಸತಕ್ಕದ್ದು. ಪ್ರಾಣಿಯ ಜನನ, ಮರಣ ಹಾಗೂ ಹಸ್ತಾಂತರವನ್ನೂ ವರದಿ ಮಾಡತಕ್ಕದ್ದು.

ಅಮೆರಿಕದ ಕಾರ್ನ್ ಸ್ನೇಕ್‌ನಂತಹ ಕೆಲವು ಜಾತಿಗಳು ಸದರಿ ಅನುಸೂಚಿಯಲ್ಲಿಲ್ಲ. ಆದರೂ ಅವುಗಳಿಗೆ ಆಮದು ನಿಯಮಗಳು ಅನ್ವಯಿಸುತ್ತವೆ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಸಾಮಾನಿನೊಳಗೆ 55 ಬಾಲ್ ಪೈಥಾನ್‌ಗಳನ್ನು ಸೀಮಾಸುಂಕ ಅಧಿಕಾರಿಗಳು ವಶಪಡಿಸಿಕೊಂಡಿದ್ದರು. ದಾಖಲೆಯಿಲ್ಲದ ಹಾವನ್ನು ಕೊಳ್ಳುವವರು ಇಂತಹ ಕಳ್ಳಸಾಗಣೆಗೆ ನೆರವಾದಂತಾಗುತ್ತದೆ.

2. ಹಾವು ಕಾಣೆಯಾದ ಕೂಡಲೇ ಮಾಡಬೇಕಾದುದು

ಅ) ಮನೆಯ ಹೊರಬಾಗಿಲು ಮತ್ತು ಕಿಟಕಿಗಳನ್ನು ಮುಚ್ಚಬೇಕು. ಪ್ರತಿ ಕೋಣೆಯ ಬಾಗಿಲನ್ನೂ ಮುಚ್ಚಿ, ಬಾಗಿಲಿನ ಕೆಳಗಿನ ಸಂದಿಗೆ ಹಳೆಯ ಟವೆಲ್ ಅಥವಾ ಸೀರೆಯನ್ನು ಸುತ್ತಿ ಒತ್ತರಿಸಬೇಕು.

ಆ) ಬಚ್ಚಲಿನ ನೀರು ಹೋಗುವ ತೂತು, ಅಡುಗೆಮನೆಯ ಸಿಂಕ್ ಹಾಗೂ ಶೌಚಾಲಯದ ಮುಚ್ಚಳವನ್ನು ಮುಚ್ಚಬೇಕು.

ಇ) ನಾಯಿ, ಬೆಕ್ಕುಗಳನ್ನು ಒಂದು ಕೋಣೆಯಲ್ಲಿ ಕೂಡಿಹಾಕಬೇಕು. ಮಕ್ಕಳಿಗೆ ವಿಷಯವನ್ನು ಮುಚ್ಚಿಡದೆ, ಹಾವು ಕಂಡರೆ ಮುಟ್ಟದೆ ಹಿರಿಯರನ್ನು ಕರೆಯಬೇಕೆಂದು ತಿಳಿಹೇಳಬೇಕು.

ಈ) ಒಳಗೆ ನೋಡದೆ ವಾಷಿಂಗ್ ಮೆಷಿನ್ ಅಥವಾ ಓವನ್ ಚಾಲೂ ಮಾಡಬಾರದು. ಮಡಚುವ ಸೋಫಾ, ದಿವಾನ್ ಕಾಟ್ ಮತ್ತು ಫ್ರಿಜ್‌ಗಳನ್ನು ರಭಸದಿಂದ ಸರಿಸಬಾರದು. ಇವುಗಳ ನಡುವೆ ಸಿಲುಕಿದ ಹಾವು ಜಜ್ಜಿ ಸಾಯಬಹುದು.

ಉ) ಹಾವಿನ ಪೆಟ್ಟಿಗೆಯನ್ನೂ ಅದರೊಳಗಿನ ಹಾಸನ್ನೂ ಮೊದಲು ಪೂರ್ತಿಯಾಗಿ ಪರಿಶೀಲಿಸಬೇಕು. ಕಾಣೆಯಾಗಿದೆ ಎಂದುಕೊಂಡ ಹಾವು ಹಾಸಿನ ಅಡಿಯಲ್ಲಿಯೇ ಮಲಗಿರುವುದುಂಟು.

3. ಎಲ್ಲಿ ಹುಡುಕಬೇಕು?

ತಪ್ಪಿಸಿಕೊಂಡ ಹಾವು ಸಾಮಾನ್ಯವಾಗಿ ಗೋಡೆಯ ಅಂಚಿನಲ್ಲಿಯೇ ಸಾಗಿ, ಕತ್ತಲೆಯ, ಇಕ್ಕಟ್ಟಾದ ಹಾಗೂ ಬೆಚ್ಚಗಿನ ಮೊದಲ ಸಂದಿಯನ್ನು ಸೇರುತ್ತದೆ. ಆದುದರಿಂದ ಪೆಟ್ಟಿಗೆಯಿದ್ದ ಕೋಣೆಯಿಂದಲೇ ಹುಡುಕಾಟವನ್ನು ಆರಂಭಿಸಿ, ಒಂದು ಕೋಣೆಯನ್ನು ಪೂರ್ಣವಾಗಿ ನೋಡಿದ ನಂತರವೇ ಮುಂದಿನ ಕೋಣೆಗೆ ಹೋಗುವುದು ಸೂಕ್ತ. ನೋಡಿ ಮುಗಿಸಿದ ಕೋಣೆಯ ಬಾಗಿಲನ್ನು ಮತ್ತೆ ಮುಚ್ಚಬೇಕು.

ವಿಶೇಷವಾಗಿ ಪರಿಶೀಲಿಸಬೇಕಾದ ಸ್ಥಳಗಳು:

- ಫ್ರಿಜ್‌ನ ಹಿಂಭಾಗದ ಕಂಪ್ರೆಸರ್, ಯುಪಿಎಸ್ ಬ್ಯಾಟರಿ, ದೂರದರ್ಶನ ಪೆಟ್ಟಿಗೆ ಮುಂತಾದ ಬಿಸಿ ಹೊರಸೂಸುವ ಉಪಕರಣಗಳ ಸುತ್ತಮುತ್ತ
- ಬೀರುವಿನ ಅಡಿ, ಡ್ರಾಯರ್‌ಗಳ ಹಿಂದಿನ ಖಾಲಿ ಜಾಗ, ಪುಸ್ತಕಗಳ ಸಾಲಿನ ಹಿಂಭಾಗ
- ಸೋಫಾದ ಅಡಿಯ ಬಟ್ಟೆ ಹರಿದಿದ್ದಲ್ಲಿ ಅದರ ಒಳಭಾಗ
- ಚಪ್ಪಲಿಗೂಡು, ಬೂಟುಗಳ ಒಳಭಾಗ, ಒಗೆಯಲು ಹಾಕಿದ ಬಟ್ಟೆಯ ರಾಶಿ
- ಅಡುಗೆ ಕಟ್ಟೆಯ ಕೆಳಗಿನ ಕಪಾಟು ಮತ್ತು ಗ್ಯಾಸ್ ಸಿಲಿಂಡರ್ ಇರಿಸುವ ಸ್ಥಳ

ಬಾಲ್ ಪೈಥಾನ್ ದಪ್ಪ ಮೈಯ ಹಾವಾದುದರಿಂದ ಬಹುತೇಕ ನೆಲಮಟ್ಟದಲ್ಲಿಯೇ ಅಡಗುತ್ತದೆ. ಕಾರ್ನ್ ಸ್ನೇಕ್ ತೆಳ್ಳಗಿದ್ದು ಚೆನ್ನಾಗಿ ಹತ್ತಬಲ್ಲದು. ಅದಕ್ಕಾಗಿ ಪರದೆಯ ಮೇಲ್ಭಾಗ, ಅಟ್ಟ ಮತ್ತು ಹವಾನಿಯಂತ್ರಕದ ಮೇಲನ್ನೂ ನೋಡಬೇಕು. ಸಂದಿಗಳಿಗೆ ಕೈಹಾಕುವ ಮೊದಲು ಟಾರ್ಚ್ ಬೆಳಕಿನಲ್ಲಿ ನೋಡುವುದು ಕಡ್ಡಾಯವೆಂದೇ ತಿಳಿಯಬೇಕು.

4. ರಾತ್ರಿಯ ವೇಳೆ ಪತ್ತೆಹಚ್ಚುವ ಸರಳ ವಿಧಾನಗಳು

ಸಾಕು ಹಾವುಗಳು ಹೆಚ್ಚಾಗಿ ಕತ್ತಲಾದ ಮೇಲೆ ಸಂಚರಿಸುತ್ತವೆ. ಹಗಲಿನ ಹುಡುಕಾಟ ಫಲ ನೀಡದಿದ್ದಲ್ಲಿ ಈ ಕೆಳಕಂಡ ವಿಧಾನಗಳನ್ನು ಅನುಸರಿಸಬಹುದು.

ಅ) ಹಿಟ್ಟಿನ ಗೆರೆ: ಪ್ರತಿ ಬಾಗಿಲಿನ ಹೊಸ್ತಿಲ ಬಳಿ ಒಂದು ಗೇಣು ಅಗಲಕ್ಕೆ ಅಕ್ಕಿಹಿಟ್ಟನ್ನು ತೆಳುವಾಗಿ ಹರಡಬೇಕು. ಹಾವು ಹಾದುಹೋದಲ್ಲಿ ಹಿಟ್ಟಿನ ಮೇಲೆ ಗುರುತು ಮೂಡುತ್ತದೆ. ಅದರಿಂದ ಹಾವು ಯಾವ ಕೋಣೆಯಲ್ಲಿದೆ ಎಂಬುದು ತಿಳಿಯುತ್ತದೆ.

ಆ) ಪ್ಲಾಸ್ಟಿಕ್ ಚೀಲ: ಸದ್ದು ಮಾಡುವ ತೆಳುವಾದ ಪ್ಲಾಸ್ಟಿಕ್ ಚೀಲಗಳನ್ನು ಗೋಡೆಯ ಅಂಚಿನಲ್ಲಿ ಹಾಸಿ, ಫ್ಯಾನ್ ಆರಿಸಿ, ನಿಶ್ಶಬ್ದವಾಗಿ ಕುಳಿತರೆ ಹಾವಿನ ಚಲನೆ ಕಿವಿಗೆ ಬೀಳುತ್ತದೆ.

ಇ) ಬೆಚ್ಚಗಿನ ಅಡಗುತಾಣ: ಒಂದು ಬದಿಯಲ್ಲಿ ಸಣ್ಣ ದ್ವಾರ ಕತ್ತರಿಸಿದ ರಟ್ಟಿನ ಪೆಟ್ಟಿಗೆಯೊಳಗೆ ಹಳೆಯ ಬಟ್ಟೆಯನ್ನು ಹಾಸಿ, ಅದರಡಿಯಲ್ಲಿ ಬಿಸಿನೀರಿನ ಚೀಲವನ್ನಿಟ್ಟು ಗೋಡೆಯ ಪಕ್ಕದಲ್ಲಿ ಇರಿಸಬೇಕು. ಹತ್ತಿರದಲ್ಲಿ ಒಂದು ಬಟ್ಟಲು ನೀರನ್ನು ಇಡಬೇಕು. ಚಳಿಗಾಲದ ರಾತ್ರಿಗಳಲ್ಲಿ ಉಷ್ಣವಲಯದ ಹಾವುಗಳು ಶಾಖವನ್ನು ಅರಸುವುದರಿಂದ ಈ ವಿಧಾನವು ಹೆಚ್ಚು ಉಪಯುಕ್ತ.

ಹಾವು ಸಿಗುವವರೆಗೆ ಮನೆಯವರು ನೆಲದ ಮೇಲೆ ಮಲಗದೆ ಮಂಚವನ್ನು ಬಳಸಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಅಡಿಗೆ ಸೇರಿಸಿಕೊಳ್ಳುವುದು ಒಳಿತು.

5. ಕಂಡ ಹಾವು ತಮ್ಮದೇ ಎಂದು ಖಚಿತಪಡಿಸಿಕೊಳ್ಳುವುದು

ಈ ಪುಟದ ಅತಿ ಮುಖ್ಯವಾದ ಭಾಗವಿದು. ಮಳೆಗಾಲದಲ್ಲಿ ಕಪ್ಪೆ, ಇಲಿಗಳನ್ನು ಹಿಂಬಾಲಿಸಿ ಕಾಡಿನ, ಹೊಲದ ಹಾವುಗಳೂ ಮನೆಯನ್ನು ಸೇರುತ್ತವೆ. ಸಾಕಿದ ಹಾವನ್ನು ಹುಡುಕುತ್ತಿರುವ ವ್ಯಕ್ತಿಯು ಹಾವೊಂದು ಕಂಡೊಡನೆ ಹರ್ಷದಿಂದ ಕೈಚಾಚುವ ಸಂಭವವಿರುವುದರಿಂದ ಕೆಳಗಿನ ಅಂಶಗಳನ್ನು ಗಮನದಲ್ಲಿರಿಸಿಕೊಳ್ಳಬೇಕು.

ಕೊಳಕುಮಂಡಲ: ದಪ್ಪ ಮೈ, ಕಂದು ಬಣ್ಣ ಹಾಗೂ ಮಚ್ಚೆಗಳ ಕಾರಣದಿಂದ ಇದನ್ನು ಹೆಬ್ಬಾವಿನ ಮರಿಯೆಂದು ತಪ್ಪಾಗಿ ತಿಳಿಯುವುದುಂಟು. ಬಾಲ್ ಪೈಥಾನ್‌ನ ಮೈಮೇಲಿನ ಪಟ್ಟೆಗಳು ಅಂಕುಡೊಂಕಾಗಿದ್ದು ಒಂದರಂತೆ ಒಂದಿರುವುದಿಲ್ಲ. ಕೊಳಕುಮಂಡಲದ ಬೆನ್ನಿನ ಮೇಲೆ ಕಪ್ಪು ಅಂಚಿನ ಅಂಡಾಕಾರದ ಮಚ್ಚೆಗಳು ಸರಪಳಿಯಂತೆ ಮೂರು ಸಾಲುಗಳಲ್ಲಿ ಇರುತ್ತವೆ. ಕೆಣಕಿದರೆ ಇದು ಪ್ರೆಷರ್ ಕುಕ್ಕರ್‌ನಂತೆ ದೀರ್ಘವಾಗಿ, ಗಟ್ಟಿಯಾಗಿ ಬುಸುಗುಟ್ಟುತ್ತದೆ.

ಕಟ್ಟುಹಾವು: ಹೊಳೆಯುವ ಕಪ್ಪು ಮೈಮೇಲೆ ತೆಳುವಾದ ಬಿಳಿ ಅಡ್ಡಗೆರೆಗಳಿರುತ್ತವೆ. ರಾತ್ರಿ ಸಂಚರಿಸುವ ಈ ಹಾವು ನೆಲದಲ್ಲಿ ಮಲಗಿದವರನ್ನು ಕಚ್ಚುವುದುಂಟು. ಕಚ್ಚಿದ ಜಾಗದಲ್ಲಿ ನೋವು, ಬಾವು ಕಾಣದಿರಬಹುದಾದರೂ ವಿಷವು ಅತಿ ತೀವ್ರವಾದುದು.

ನಾಗರಹಾವು: ಹೆಡೆ ಬಿಚ್ಚದಿರುವಾಗ ಇದನ್ನು ಕೇರೆಹಾವೆಂದು ಭ್ರಮಿಸುವ ಸಾಧ್ಯತೆಯಿದೆ.

ಹಾವಿನ ಪೂರ್ಣ ಮೈ ಕಾಣದೆ, ಬಾಲ ಅಥವಾ ಮೈಯ ಒಂದು ಭಾಗ ಮಾತ್ರ ಕಾಣುತ್ತಿದ್ದಲ್ಲಿ ಹಿಡಿಯಲು ಯತ್ನಿಸಬಾರದು. ಸಾಕು ಹಾವಿನ ಎರಡೂ ಪಕ್ಕದ ಹಾಗೂ ತಲೆಯ ಛಾಯಾಚಿತ್ರಗಳನ್ನು ಮೊದಲೇ ತೆಗೆದಿರಿಸಿಕೊಂಡಿದ್ದರೆ ಹೋಲಿಸಿ ನೋಡಲು ಅನುಕೂಲವಾಗುತ್ತದೆ. ಅನುಮಾನವಿದ್ದಲ್ಲಿ ಅದನ್ನು ವಿಷದ ಹಾವೆಂದೇ ಪರಿಗಣಿಸಿ, ಕನಿಷ್ಠ ಎಂಟು ಅಡಿ ದೂರ ಸರಿದು, ಒಬ್ಬರು ಅದರ ಮೇಲೆ ಕಣ್ಣಿಟ್ಟು, ಮತ್ತೊಬ್ಬರು ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ಅಥವಾ ಸ್ಥಳೀಯ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಕರೆ ಮಾಡಬೇಕು.

6. ಮಾಡಬಾರದ ಕೆಲಸಗಳು

- ಸೀಮೆಎಣ್ಣೆ, ಫಿನಾಯಿಲ್, ಕೀಟನಾಶಕಗಳನ್ನು ಸುರಿಯಬಾರದು. ಇವು ಹಾವಿಗೂ ಮನೆಯವರಿಗೂ ಹಾನಿಕರ. ಹೆದರಿದ ಹಾವು ಮತ್ತಷ್ಟು ಒಳಗೆ ಸೇರುತ್ತದೆ.
- ಇಲಿ ಹಿಡಿಯುವ ಅಂಟುಹಲಗೆಯನ್ನು ಇಡಬಾರದು. ಹಾವು ಅದಕ್ಕೆ ಅಂಟಿಕೊಂಡಿದ್ದಲ್ಲಿ ಎಳೆಯದೆ, ಅಡುಗೆ ಎಣ್ಣೆಯನ್ನು ಸವರಿ ನಿಧಾನವಾಗಿ ಬಿಡಿಸಬೇಕು; ನಂತರ ಪಶುವೈದ್ಯರಿಗೆ ತೋರಿಸಬೇಕು.
- ಹಾಲಿನ ಬಟ್ಟಲನ್ನು ಇಡುವುದರಿಂದ ಪ್ರಯೋಜನವಿಲ್ಲ. ಹಾಲು ಹಾವಿನ ಆಹಾರವಲ್ಲ.
- ಸಂದಿಯೊಳಗೆ ಕೋಲಿನಿಂದ ತಿವಿಯಬಾರದು. ಬಾಲ ಹಿಡಿದು ಎಳೆಯಬಾರದು.

7. ಹಾವು ಸಿಕ್ಕ ನಂತರ

ತಮ್ಮದೇ ಹಾವೆಂದು ಖಚಿತವಾದ ಮೇಲೆ ಮೈಯ ಮಧ್ಯಭಾಗವನ್ನು ಎರಡೂ ಕೈಗಳಿಂದ ಆಧರಿಸಿ ಎತ್ತಬೇಕು. ಅಪರಿಚಿತ ಜಾಗದಲ್ಲಿ ಹೆದರಿದ ಸಾಧು ಹಾವೂ ಕಚ್ಚಬಹುದಾದುದರಿಂದ ಮೇಲೆ ದಪ್ಪ ಬಟ್ಟೆಯನ್ನು ಹೊದಿಸುವುದು ಸುರಕ್ಷಿತ. ಗಾಯ, ಸುಟ್ಟ ಗುರುತುಗಳಿವೆಯೇ ಎಂದು ಪರಿಶೀಲಿಸಿ, ನೀರಿಟ್ಟು, ಒಂದೆರಡು ದಿನ ಮುಟ್ಟದೆ ಬಿಡಬೇಕು. ಸರೀಸೃಪಗಳ ಮೈಮೇಲೆ ಸಾಲ್ಮೊನೆಲ್ಲಾ ರೋಗಾಣುಗಳು ಇರಬಹುದಾದ್ದರಿಂದ ಕೈಗಳನ್ನು ಸಾಬೂನಿನಿಂದ ತೊಳೆಯಬೇಕು. ಹಾವು ಹರಿದಾಡಿದ ಅಡುಗೆ ಕಟ್ಟೆಯನ್ನು ಶುಚಿಗೊಳಿಸಬೇಕು. ಪೆಟ್ಟಿಗೆಯ ಯಾವ ಸಂದಿಯಿಂದ ಅದು ಹೊರಬಂದಿತೆಂಬುದನ್ನು ಕಂಡುಹಿಡಿದು, ಬೀಗ ಹಾಕಬಹುದಾದ ಮುಚ್ಚಳವನ್ನು ಅಳವಡಿಸಬೇಕು.

8. ಮನೆಯಿಂದ ಹೊರಹೋಗಿರುವ ಶಂಕೆಯಿದ್ದಲ್ಲಿ

ನೆರೆಹೊರೆಯವರಿಗೆ ಹಾಗೂ ವಸತಿ ಸಮುಚ್ಚಯದ ಸಂಘಕ್ಕೆ ಹಾವಿನ ಛಾಯಾಚಿತ್ರದೊಂದಿಗೆ ವಿಷಯವನ್ನು ತಿಳಿಸಬೇಕು. ವಲಯ ಅರಣ್ಯಾಧಿಕಾರಿಗಳಿಗೆ ನೋಂದಣಿ ವಿವರಗಳೊಂದಿಗೆ ಲಿಖಿತವಾಗಿ ತಿಳಿಸುವುದು ಸೂಕ್ತ. ಮಾಹಿತಿಯಿಲ್ಲದ ನೆರೆಯವರು ಭಯದಿಂದ ಆ ಹಾವನ್ನು ಕೊಲ್ಲಬಹುದು. ಅಥವಾ “ಪಕ್ಕದ ಮನೆಯ ಸಾಕು ಹಾವು” ಎಂದು ಭಾವಿಸಿ ಕೊಳಕುಮಂಡಲವನ್ನು ಮುಟ್ಟಬಹುದು. ಎರಡನ್ನೂ ತಡೆಯುವುದು ಸಾಕಿದವರ ಹೊಣೆ.

ಸಾಕಲಾಗದ ಹಾವನ್ನು ಕೆರೆಯಂಗಳ, ತೋಟ ಅಥವಾ ಕಾಡಿನಲ್ಲಿ ಬಿಡಕೂಡದು. ಅಮೆರಿಕದ ಫ್ಲಾರಿಡಾ ರಾಜ್ಯದ ಎವರ್‌ಗ್ಲೇಡ್ಸ್ ಪ್ರದೇಶದಲ್ಲಿ ಸಾಕುವವರಿಂದ ಹೊರಬಿದ್ದ ಬರ್ಮಾ ಹೆಬ್ಬಾವುಗಳು ಸಂತತಿ ಬೆಳೆಸಿ ಅಲ್ಲಿನ ಸಣ್ಣ ಪ್ರಾಣಿಗಳ ಸಂಖ್ಯೆಯನ್ನು ತೀವ್ರವಾಗಿ ಕುಗ್ಗಿಸಿರುವುದು ಎಲ್ಲರಿಗೂ ಎಚ್ಚರಿಕೆಯಾಗಿದೆ.

9. ಹಾವು ಕಚ್ಚಿದಲ್ಲಿ

2000ದಿಂದ 2019ರವರೆಗಿನ ಅವಧಿಯಲ್ಲಿ ಭಾರತದಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಜನರು ಮೃತಪಟ್ಟಿದ್ದಾರೆಂದು ಅಂದಾಜಿಸಲಾಗಿದೆ. ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ.

ಕಚ್ಚಿದ ಹಾವು ತಮ್ಮ ವಿಷರಹಿತ ಸಾಕು ಹಾವೇ ಎಂಬುದು ನಿಸ್ಸಂದೇಹವಾಗಿದ್ದಲ್ಲಿ ಗಾಯವನ್ನು ಸಾಬೂನು ನೀರಿನಿಂದ ತೊಳೆದು, ವೈದ್ಯರ ಸಲಹೆಯಂತೆ ಧನುರ್ವಾಯು ಚುಚ್ಚುಮದ್ದು ಪಡೆಯಬೇಕು. ಕಿಂಚಿತ್ ಅನುಮಾನವಿದ್ದರೂ ಈ ಕೆಳಕಂಡಂತೆ ನಡೆದುಕೊಳ್ಳಬೇಕು.

- ಕಚ್ಚಿಸಿಕೊಂಡವರಿಗೆ ಧೈರ್ಯ ಹೇಳಿ, ಓಡಾಡಲು ಬಿಡದೆ, ಕೈ ಅಥವಾ ಕಾಲು ಅಲುಗಾಡದಂತೆ ಪಟ್ಟಿಯಿಂದ ಆಧಾರ ನೀಡಬೇಕು.
- ಉಂಗುರ, ಬಳೆ, ಕಾಲುಂಗುರ, ಗಡಿಯಾರಗಳನ್ನು ತೆಗೆಯಬೇಕು.
- ಬಿಗಿಯಾಗಿ ಹಗ್ಗ ಕಟ್ಟುವುದು, ಗಾಯವನ್ನು ಕೊಯ್ಯುವುದು, ರಕ್ತ ಹೀರುವುದು, ನಾಟಿ ಔಷಧಿ ಹಚ್ಚುವುದು ಕೂಡದು.
- 108ಕ್ಕೆ ಕರೆ ಮಾಡಿ ವಿಷನಿರೋಧಕ ಚುಚ್ಚುಮದ್ದು ಲಭ್ಯವಿರುವ ಆಸ್ಪತ್ರೆಗೆ ಕೂಡಲೇ ತಲುಪಬೇಕು. ಹಾವನ್ನು ಹಿಡಿದೊಯ್ಯುವ ಅಗತ್ಯವಿಲ್ಲ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ವಾರ ಕಳೆದರೂ ಹಾವು ಸಿಕ್ಕಿಲ್ಲ. ಅದು ಸತ್ತಿರಬಹುದೇ?
ಉತ್ತರ: ಹಾಗೆಂದು ತೀರ್ಮಾನಿಸಬೇಕಾಗಿಲ್ಲ. ಆರೋಗ್ಯವಂತ ಬಾಲ್ ಪೈಥಾನ್ ಆಹಾರವಿಲ್ಲದೆ ಹಲವು ವಾರಗಳ ಕಾಲ ಬದುಕಬಲ್ಲದು. ನೀರಿನ ಬಟ್ಟಲನ್ನು ಇಟ್ಟು, ಹಿಟ್ಟಿನ ಗೆರೆಯನ್ನು ಪ್ರತಿದಿನ ನವೀಕರಿಸಿ ಹುಡುಕಾಟವನ್ನು ಮುಂದುವರಿಸಬೇಕು.

ಪ್ರಶ್ನೆ: ಮನೆಯೊಳಗೆ ಬಂದ ಕಾಡುಹಾವನ್ನು ನಾವೇ ಕೊಲ್ಲಬಹುದೇ?
ಉತ್ತರ: ಕೊಲ್ಲುವಂತಿಲ್ಲ. ಪ್ರಾಣರಕ್ಷಣೆಗಾಗಿ ಸದುದ್ದೇಶದಿಂದ ಅನಿವಾರ್ಯವಾಗಿ ನಡೆದ ಕೃತ್ಯಕ್ಕೆ ಮಾತ್ರ ಕಲಂ 11ರಲ್ಲಿ ವಿನಾಯಿತಿಯಿದೆ. ದೂರ ಸರಿದು ಸಹಾಯವಾಣಿಗೆ ಕರೆ ಮಾಡುವುದೇ ಸರಿಯಾದ ಮಾರ್ಗ.

ಪ್ರಶ್ನೆ: ನಮ್ಮ ಹಾವಿಗೆ ನೋಂದಣಿಯಾಗಿಲ್ಲ. ತಪ್ಪಿಸಿಕೊಂಡ ವಿಷಯವನ್ನು ತಿಳಿಸಲು ಭಯವಾಗುತ್ತದೆ. ಏನು ಮಾಡಬೇಕು?
ಉತ್ತರ: ನೋಂದಣಿಯಿಲ್ಲದೆ ಹಾವನ್ನು ಇರಿಸಿಕೊಳ್ಳುವುದು ನಿಯಮಬಾಹಿರವೇ ಸರಿ. ಆದರೆ ಆ ಭಯದಿಂದ ಮೌನವಾಗಿದ್ದಲ್ಲಿ ನೆರೆಮನೆಯ ಮಗುವಿನ ಪ್ರಾಣಕ್ಕೆ ಸಂಚಕಾರ ಬರಬಹುದು. ಮೊದಲು ಮಾಹಿತಿ ನೀಡಿ, ನಂತರ ಅಧಿಕಾರಿಗಳ ಮಾರ್ಗದರ್ಶನದಂತೆ ನಡೆದುಕೊಳ್ಳತಕ್ಕದ್ದು.

ಸಾಕಿದ ಹಾವನ್ನು ಹುಡುಕಲು ತಾಳ್ಮೆ ಬೇಕು. ಕಂಡ ಹಾವನ್ನು ಗುರುತಿಸಲು ಎಚ್ಚರ ಬೇಕು. ಒಂದು ರಾತ್ರಿ ತಡವಾಗಿ ಹಾವು ಸಿಕ್ಕರೆ ನಷ್ಟವೇನಿಲ್ಲ, ಆದರೆ ಆತುರದಿಂದ ತಪ್ಪು ಹಾವಿಗೆ ಕೈಹಾಕಿದಲ್ಲಿ ಪ್ರಾಣವೇ ಹೋದೀತು. ಸಾರ್ವಜನಿಕರು ಮೇಲ್ಕಂಡ ಸೂಚನೆಗಳನ್ನು ಪಾಲಿಸಿ ಸಹಕರಿಸಬೇಕಾಗಿ ಕೋರಲಾಗಿದೆ.